ಮೂರು ಬಾಲದ ಇಲಿಮರಿ

ದಾವಣಗೆರೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಇಲಿ ಸಾಕುವ ಕೆಂಚಣ್ಣ ಅಂದರೆ ನಾನೇ. ನನ್ನ ಕೈಯಲ್ಲಿ ಬೆಳೆದ ಇಲಿಗಳನ್ನು ಕಂಡರೆ ಆವರಗೆರೆಯ ಎಮ್ಮೆಗಳೂ ನಾಚಿ ದಾರಿ ಬಿಡುತ್ತವೆ. ನಾನು ಶಿಳ್ಳೆ ಹಾಕಿದರೆ ಸಾಲಾಗಿ ನಿಂತು ಹಾಜರಿ ಕೊಡುತ್ತವೆ. ಸಂಶೋಧನೆ ಮಾತ್ರ ರಶ್ಮಿ ಮೇಡಂ ಅವರದು. ಗಾಂಜಾದ ಸತ್ವ ತಿಂದ ಗಂಡಿಲಿಗಳಿಗೆ ಎಂಥ ಮರಿಗಳು ಹುಟ್ಟುತ್ತವೆ ಎಂದು ಅವರು ನೋಡುತ್ತಿದ್ದರು. ಮರಿಗಳು ಕಡಿಮೆ ಹುಟ್ಟಿದವು, ಕೆಲವು ಸಣಕಲು. ಇಷ್ಟೇ.

ಇಷ್ಟೇ ಎಂದರೆ ಚಹಾದಂಗಡಿಯಲ್ಲಿ ಯಾರು ಕೇಳುತ್ತಾರೆ? ನಾನು ಒಂದು ಮರಿಗೆ ಮೂರು ಬಾಲ ಜೋಡಿಸಿದೆ. ಅಂಗಡಿಯ ರೌಫ್ ಬಾಯಿ ಬಿಟ್ಟನೆಂದು ಇನ್ನೊಂದಕ್ಕೆ ಕೊಂಬನ್ನೂ ಇಟ್ಟೆ. ಪಕ್ಕದಲ್ಲಿ ನನ್ನ ತಮ್ಮನ ಅಳಿಯ ಕೊಟ್ಟೂರೇಶ್ ಕೂತಿದ್ದ. ಅವನ ಚಹಾ ಕುಡಿಯದೆಯೇ ಆರಿತು.

ಮರುದಿನ ಕೊಕ್ಕನೂರಿನಲ್ಲಿ ಅವನ ಹೆಂಡತಿ ಸರೋಜಾಳ ಕುಬುಸ, ಅಂದರೆ ಸೀಮಂತ. ಬಸುರಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಾಳೆ, ಗಂಡನ ಮಣೆ ಖಾಲಿ. ಅರ್ಧ ಹರಿಹರ ತಾಲ್ಲೂಕನ್ನು ಒಬ್ಬನೇ ಜಾಲಾಡಿ, ಕೊನೆಗೆ ಹಿತ್ತಿಲ ಟ್ರ್ಯಾಕ್ಟರ್ ಹಿಂದೆ ಅವನನ್ನು ಹಿಡಿದೆ. ಅಳುತ್ತಿದ್ದ.

“ದೊಡ್ಮಾವ, ಮದುವಿಗೆ ಮುಂಚೆ ನಾನೂ ಗಾಂಜಾ ಸೇದ್ತಿದ್ದೆ. ಸರೋಜಾಗ ಗೊತ್ತಿಲ್ಲ. ಕೂಸಿಗೆ ಏನಾರ ಆಗಿದ್ರೆ? ಯಾವ ಮುಖ ಇಟ್ಕಂಡು ಅಕಿ ಪಕ್ಕ ಕೂಡ್ಲಿ?”

ರಶ್ಮಿ ಮೇಡಂಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವನ ಕೈಗೆ ಕೊಟ್ಟೆ.

“ಮೇಡಂ, ಗಾಂಜಾ ಸೇದಿದೋರ ಮಕ್ಳಿಗೆ ಮೂರು ಬಾಲ ಬರ್ತಾವೇನ್ರಿ?”

“ಬಾಲಾನಾ? ನೀವು ಬಿಟ್ಟು ಎಷ್ಟು ಕಾಲ ಆಯ್ತು?”

“ಎರಡು ವರ್ಷದ ಮ್ಯಾಲಾತ್ರಿ.”

“ಗಾಂಜಾ ಕೊಡೋದು ನಿಲ್ಲಿಸಿದ ಮೇಲೆ ನಮ್ಮ ಇಲಿಗಳ ವೀರ್ಯ ಬಹಳಷ್ಟು ಸುಧಾರಿಸಿತು. ಆದರೆ ಇಲಿ ನೋಡಿ ಮನುಷ್ಯರ ಭವಿಷ್ಯ ಹೇಳೋಕೆ ನನಗೆ ಬರಲ್ಲ. ಅಂಜಬೇಡಿ, ಡಾಕ್ಟರ್ ಹತ್ರ ಏನೂ ಮುಚ್ಚಿಡಬೇಡಿ. ಅಂದಹಾಗೆ, ಆ ಮೂರು ಬಾಲದ ಕತೆ ಹೇಳಿದ್ದು ಯಾರು?”

ಅಳಿಯ ನನ್ನನ್ನೇ ನೋಡಿದ. ಸಿಗ್ನಲ್ ಇಲ್ಲವೆಂದು ಫೋನು ಕಿತ್ತುಕೊಂಡೆ.

ತಿರುಗಿದರೆ ಸರೋಜಾ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಇದನ್ನ ಹೊಟ್ಟ್ಯಾಗ ಇಟ್ಕಂಡು ಒಬ್ರೇ ಕುಂತಿದ್ರಾ? ನನಗ್ಯಾಕ ಹೇಳ್ಲಿಲ್ಲ? ನಾಳೆ ಇಬ್ರೂ ಡಾಕ್ಟ್ರ ಹತ್ರ ಹೋಗಣ. ಕೂಸಿಗೆ ಬಾಲ ಇದ್ರೆ ನಾನೇ ಜಡೆ ಹೆಣಿತೀನಿ. ಈಗ ಬರ್ರಿ, ಮಣೆ ಮ್ಯಾಲ ಕೂಡ್ರಿ.” ಆಮೇಲೆ ನನ್ನ ಕಡೆ: “ದೊಡ್ಡಪ್ಪ, ನಿನಗ ಇವತ್ತು ಹೋಳ್ಗಿ ಇಲ್ಲ.”

ಕೊಟ್ಟೂರೇಶ್ ಕಣ್ಣೊರೆಸಿಕೊಂಡು ಹೋಗಿ ಕೂತ. ಅವನ ತಾಯಿ ಉಡಚಮ್ಮ ಆರತಿ ಎತ್ತುವಾಗ ಸರೋಜಾ ಅವನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಕೂಸು ಒದೆಯಿತು. ಆ ಏಟಿಗೆ ಹರಿಹರದ ಹೊಳೆ ಸೇತುವೆ ಗಡಗಡ ನಡುಗಿದ್ದನ್ನು ಕೊಕ್ಕನೂರಿನಲ್ಲಿ ನಿಂತೇ ನಾನು ಕಣ್ಣಾರೆ ಕಂಡೆ. ಹೋಳಿಗೆಯೊಂದು ಮಾತ್ರ ಕಾಣಲಿಲ್ಲ.