ಮೂರನೆಯ ಪುಟದ ತಾಳೆ

ನಾನು ತಾಳೆ ನೋಡಿ, ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಸಣ್ಣ ಸಹಿ ಹಾಕದ ಹೊರತು ನಮ್ಮ ಇಲಾಖೆಯಿಂದ ಯಾವ ಕಾಗದವೂ ಹೊರಗೆ ಹೋಗುವುದಿಲ್ಲ. ಮೂಲವನ್ನು ಎಡಕ್ಕಿಟ್ಟು, ಪ್ರತಿಯನ್ನು ಬಲಕ್ಕಿಟ್ಟು, ಎರಡರ ಮೇಲೂ ಒಂದೊಂದು ಬೆರಳು ಓಡಿಸುತ್ತ ಗುನುಗಿಕೊಂಡು ಓದುವುದು ನನ್ನ ಕೆಲಸ. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದ್ದೇನೆ. ಬೆನ್ನ ಹಿಂದೆ ನನ್ನನ್ನು ಕೆಂಪು ಪೆನ್ಸಿಲ್ ಎನ್ನುತ್ತಾರೆ, ಎದುರಿಗೇ ಅಂದರೂ ನನಗೆ ಬೇಜಾರಿಲ್ಲ. ಕಾಗದದಲ್ಲಿ ಏನು ಬರೆದಿದೆ ಎಂಬುದು ನನಗೆ ಬೇಡದ ಉಸಾಬರಿ. ಎರಡೂ ಒಂದೇ ಇವೆಯೋ ಇಲ್ಲವೋ, ನನಗೆ ಬೇಕಾದದ್ದು ಅಷ್ಟೇ.

ಹಾಗಾಗಿ ಏಳು ಸರ್ಕಾರಿ ಆಸ್ಪತ್ರೆಗಳನ್ನು ಮುಚ್ಚುವ ಗುಟ್ಟಿನ ಟಿಪ್ಪಣಿ ಪತ್ರಿಕೆಯ ಮುಖಪುಟದಲ್ಲಿ ಬಂದಾಗ, ಇದನ್ನು ನಾನೇ ತಾಳೆ ನೋಡಿದ್ದೆನಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಂಥ ಯೋಚನೆಯೇ ಇಲ್ಲ ಎಂದು ಹಿಂದಿನ ದಿನವಷ್ಟೇ ಮಂತ್ರಿಗಳು ಸಭೆಯಲ್ಲಿ ಎದೆ ತಟ್ಟಿ ಹೇಳಿದ್ದರು. ಟಿಪ್ಪಣಿಯ ಐದು ಪ್ರತಿಗಳು ಐದು ಅಧಿಕಾರಿಗಳಿಗೆ ಹೋಗಿದ್ದವು. ಅವರಲ್ಲಿ ಒಬ್ಬರು ಜಂಟಿ ಕಾರ್ಯದರ್ಶಿ, ನಮ್ಮ ಭಾವ.

ಅಕ್ಕನ ಗಂಡ. ನನ್ನವರು ಹೋದ ಮೇಲೆ ನಾನಿರುವುದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಕಚೇರಿಯ ಮೆಟ್ಟಿಲು ಹತ್ತಿದರೆ ಅವರು 'ಸರ್', ಇಳಿದರೆ 'ಭಾವ'. ಪತ್ರಿಕೆ ಬಂದ ದಿನ ಮಧ್ಯಾಹ್ನವೇ ಅವರ ಕೊಠಡಿಯ ಬೀಗದ ಕೈ ಇಸಿದುಕೊಂಡು ಮನೆಗೆ ಕಳಿಸಿದರು. ಉಳಿದ ನಾಲ್ವರನ್ನು ಯಾರೂ ಮುಟ್ಟಲಿಲ್ಲ. ಯಾಕೆ ಇವರೊಬ್ಬರೇ ಎಂದು ಯಾರೂ ಹೇಳಲಿಲ್ಲ. ತನಿಖೆಯಲ್ಲಿ ಅಪರಾಧ ಸಾಬೀತಾದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು ಎಂದು ಮಾತ್ರ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೂರನೆಯ ದಿನ ನನ್ನನ್ನು ಕರೆದರು. ತನಿಖಾಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಂತ್ರಿಗಳ ಆಪ್ತ ಕಾರ್ಯದರ್ಶಿ, ಮುಚ್ಚಿದ ಒಂದು ಕಡತದ ಮೇಲೆ ಅಂಗೈ ಊರಿಕೊಂಡು.

"ಇನ್ನೂರ ಹನ್ನೆರಡು ಅಂದ್ರೆ ನಿಮಗೆ ಏನು ನೆನಪಾಗತ್ತೆ?" ಎಂದರು ತನಿಖಾಧಿಕಾರಿ.

ನಾನು ಯೋಚಿಸಿದೆ. "ಬಸ್ಸು ಸರ್. ನಮ್ಮ ಮನೆ ಕಡೆ ಹೋಗತ್ತೆ."

ಅವರು ಅದನ್ನೂ ಬರೆದುಕೊಂಡರು. ಇಷ್ಟುದ್ದ ಬರೆಯುವಂಥದ್ದು ಆ ಬಸ್ಸಿನಲ್ಲಿ ಏನಿದೆ ಎಂದು ನನಗೆ ಭಯವಾಯಿತು.

"ನಿಮ್ಮ ಭಾವನೋರೂ ಅದೇ ಬಸ್ಸಲ್ಲಿ ಬರ್ತಾರಾ?"

"ಇಲ್ಲ ಸರ್, ಅವರಿಗೆ ಕಾರಿದೆ."

"ಮನೇಲಿ ಅವರು ಈ ನಂಬರ್ ಯಾವಾಗಾದ್ರೂ ಹೇಳಿದ್ರಾ?"

"ಯಾವ ನಂಬರ್ ಸರ್? ಬಸ್ಸಿಂದಾ?"

ಆಪ್ತ ಕಾರ್ಯದರ್ಶಿ ನಕ್ಕರು. ಆ ನಗು ನನ್ನ ದಡ್ಡತನಕ್ಕೋ, ಅಥವಾ ನಾನು ದಡ್ಡಿಯಂತೆ ನಟಿಸುತ್ತಿದ್ದೇನೆ ಎಂದೋ, ಈಗಲೂ ಗೊತ್ತಿಲ್ಲ. ಎಡಗಡೆ ಮೂಲವಿಲ್ಲದೆ ಬರೀ ಬಲಗಡೆಯ ಕಾಗದ ಓದು ಎಂದ ಹಾಗಾಯಿತು ನನ್ನ ಸ್ಥಿತಿ.

ಅವತ್ತಿನಿಂದ ನಾನು ಮನೆಯಲ್ಲಿ ಭಾವನನ್ನು ಓದತೊಡಗಿದೆ. ಅವರು ಫೋನು ಬಂದರೆ ಎದ್ದು ಮಹಡಿಗೆ ಹೋಗುತ್ತಿದ್ದರು. ಮೊದಲೆಲ್ಲ ಊಟದ ಮೇಜಿನಲ್ಲೇ ಕೂಗಾಡುತ್ತಿದ್ದ ಮನುಷ್ಯ. ಪತ್ರಿಕೆಯನ್ನು ಓದಿ, ಆ ಸುದ್ದಿಯಿದ್ದ ಪುಟವನ್ನು ಒಳಗೆ ಮಡಚಿ ಇಡುತ್ತಿದ್ದರು. ಒಂದು ಬೆಳಗ್ಗೆ ಆಸ್ಪತ್ರೆಗಳ ಮುಂದೆ ಜನ ಸೇರಿದ ಚಿತ್ರ ನೋಡುತ್ತ ಅವರ ತುಟಿ ಅಷ್ಟೇ ಅಷ್ಟು ಅರಳಿದ್ದನ್ನು ಕಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವರು ಹೆಗಲು ಮುಟ್ಟಿಕೊಂಡರೋ, ನನಗೇ ಹಾಗೆ ಕಂಡಿತೋ?

ಅಕ್ಕ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಿಸುಗುಟ್ಟಿದಳು. "ಪುಟ್ಟಿ, ಇವರೇ ಕೊಟ್ಟಿರಬಹುದಾ?"

ನನಗೆ ಐವತ್ತೆರಡು, ಆದರೂ ಅವಳಿಗೆ ಪುಟ್ಟಿಯೇ.

"ನನ್ನನ್ನ ಕೇಳಿದ್ರೆ? ನಿನ್ನ ಗಂಡ ತಾನೆ."

"ಅತ್ತೆ ಕೊನೇ ಮೂರು ತಿಂಗಳು ಆ ಏಳರಲ್ಲಿ ಒಂದು ಆಸ್ಪತ್ರೇಲೇ ಇದ್ರು. ಆ ನರ್ಸುಗಳು ಅಂದ್ರೆ ಇವರಿಗೆ ಪ್ರಾಣ. ಮುಚ್ತಾರೆ ಅಂತ ಗೊತ್ತಾದ್ರೆ ಸುಮ್ನೆ ಕೂತ್ಕೊಳೋ ಮನುಷ್ಯ ಅಲ್ಲ."

ಭಾವ ನೀರು ಕುಡಿಯಲು ಒಳಗೆ ಬಂದರು. ಅಕ್ಕ ನಲ್ಲಿ ನಿಲ್ಲಿಸಿದಳು, ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಅವರು ಲೋಟವನ್ನು ತೊಳೆದು ಮಗುಚಿಟ್ಟು ಹೋದರು. ಲೋಟ ಯಾಕೆ ತೊಳೆದರು, ಯಾವತ್ತೂ ತೊಳೆದವರಲ್ಲವಲ್ಲ ಎಂದು ಅದನ್ನೂ ಅರ್ಧ ಗಂಟೆ ಚರ್ಚೆ ಮಾಡಿದೆವು.

ಹನ್ನೊಂದನೆಯ ದಿನ ಬೆಳಗ್ಗೆ ರವಾನೆ ವಿಭಾಗದ ಗುಮಾಸ್ತ ಒಂದು ಕಡತ ತಂದು ನನ್ನ ಮೇಜಿನ ಮೇಲೆ ಕುಕ್ಕಿದ. ತನಿಖೆಯ ವರದಿ. ಕೈಬರಹದ ಮೂಲ, ಟೈಪಾದ ಪ್ರತಿ.

"ಇದು ನನ್ನ ಹತ್ರ ಬರಬೇಕಾ ಮಾರಾಯಾ? ನನ್ನನ್ನೇ ವಿಚಾರಣೆ ಮಾಡಿದ್ದಾರೆ."

"ಅವರೂ ಅದನ್ನೇ ಅಂದ್ರು. ಕೆಂಪು ಸಹಿ ಇಲ್ದೆ ನಾನು ರವಾನೆ ನಂಬರ್ ಹಾಕಲ್ಲ ಅಂದೆ. ಮಂತ್ರಿಗಳೇ ಬಂದು ನಿಂತ್ರೂ ಹಾಕಲ್ಲ. ಹೋದ ತಿಂಗಳು ಆ ಐದು ಕಾಪಿ ಹಿಡ್ಕೊಂಡು ಆಪ್ತ ಕಾರ್ಯದರ್ಶಿಗಳ ಜವಾನ ಬಂದಾಗ್ಲೂ ಅಷ್ಟೇ. ನೇರ ನಂಬರ್ ಹಾಕು ಅಂದ. ಆಗಲ್ಲ ಅಂತ ನಿಮ್ಮ ಹತ್ರ ತಂದೆನಲ್ಲ."

ಹೌದು, ತಂದಿದ್ದ. ನಾನು ಬೆರಳು ಓಡಿಸತೊಡಗಿದೆ. ಎರಡನೆಯ ಪುಟದ ಕೊನೆಗೆ ಬಂದಾಗ ಎರಡೂ ಬೆರಳುಗಳು ನಿಂತವು.

ಗುಟ್ಟು ಹೊರಹಾಕುವವರು ಯಾರೆಂದು ಹಿಡಿಯಲು ಆಪ್ತ ಕಾರ್ಯದರ್ಶಿಗಳು ಬಲೆ ಬೀಸಿದ್ದರಂತೆ. ಟಿಪ್ಪಣಿಯ ಮೂರನೆಯ ಪುಟದಲ್ಲಿ ಆಸ್ಪತ್ರೆಯೊಂದರ ಹಾಸಿಗೆಗಳ ಸಂಖ್ಯೆಯನ್ನು ಐದು ಪ್ರತಿಗಳಲ್ಲಿ ಐದು ಬಗೆಯಾಗಿ ಬೇಕೆಂದೇ ಬರೆಸಿದ್ದರು. ಮೊದಲನೆಯದರಲ್ಲಿ ಇನ್ನೂರ ಹನ್ನೆರಡು, ಅದು ನಮ್ಮ ಭಾವನಿಗೆ ಹೋದದ್ದು. ಮಿಕ್ಕ ನಾಲ್ಕರಲ್ಲಿ ಬೇರೆ ಬೇರೆ. ಪತ್ರಿಕೆಯಲ್ಲಿ ಬಂದದ್ದು ಇನ್ನೂರ ಹನ್ನೆರಡು. ಆದ್ದರಿಂದ ಸೋರಿದ್ದು ಮೊದಲನೆಯ ಪ್ರತಿಯೇ ಎಂದು ಸ್ಪಷ್ಟವಾಗಿದೆ, ಎಂದು ವರದಿ ಮುಗಿದಿತ್ತು.

ಆ ಐದನ್ನು ತಾಳೆ ನೋಡಿದವಳು ನಾನು. ಮೂಲ ಬೇರೆ ಬಂದಿರಲಿಲ್ಲ, ಮೊದಲನೆಯದನ್ನೇ ಮೂಲವೆಂದು ಎಡಕ್ಕಿಟ್ಟುಕೊಂಡಿದ್ದೆ. ಮೂರನೆಯ ಪುಟ ನಾಲ್ಕರಲ್ಲಿ ನಾಲ್ಕೂ ತಪ್ಪು. ಟೈಪು ಮಾಡಿದವರನ್ನು ಮನಸಾರೆ ಬೈದುಕೊಂಡು, ಮೊದಲನೆಯದರ ಮೂರನೆಯ ಪುಟವನ್ನು ನಾಲ್ಕು ಜೆರಾಕ್ಸ್ ಮಾಡಿಸಿ, ತಪ್ಪು ಪುಟ ಕಿತ್ತು ಸರಿಯಾದದ್ದನ್ನು ಸೇರಿಸಿ ಪಿನ್ನು ಹೊಡೆದು ಕಳಿಸಿದ್ದೆ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮರೆತೂ ಹೋಗಿತ್ತು. ಐದೂ ಪ್ರತಿಗಳಲ್ಲಿ ಇನ್ನೂರ ಹನ್ನೆರಡೇ ಇತ್ತು, ಮತ್ತು ಆ ಬಲೆಯಲ್ಲಿ ಭಾವನನ್ನು ಕೆಡವಿದವಳು ನಾನೇ.

ವರದಿ ಎತ್ತಿಕೊಂಡು ತನಿಖಾಧಿಕಾರಿಯ ಕೊಠಡಿಗೆ ಹೋದೆ. ಆಪ್ತ ಕಾರ್ಯದರ್ಶಿಯೂ ಅಲ್ಲೇ ಟೀ ಕುಡಿಯುತ್ತಿದ್ದರು.

"ತಾಳೆ ಆಗಿಲ್ಲ ಸರ್."

"ಯಾವ ಪುಟ?" ಎಂದರು ತನಿಖಾಧಿಕಾರಿ.

"ವರದಿ ಸರಿ ಇದೆ. ಅದರಲ್ಲಿ ಬರೆದಿರೋದು ತಾಳೆ ಆಗಿಲ್ಲ. ಐದೂ ಪ್ರತಿ ವಾಪಸ್ ತರಿಸಿದ್ದೀವಿ ಅಂತ ಇದರಲ್ಲಿ ಬರೆದಿದ್ದೀರಲ್ಲ, ಮೂರನೇ ಪುಟ ನೋಡಿದ್ರಾ?"

"ಮೊದಲನೇದು ನೋಡಿದ್ವಿ. ಮಿಕ್ಕ ಪ್ರತಿಗಳ ಸಂಖ್ಯೆ ಇವರು ಕೊಟ್ಟ ಪಟ್ಟೀಲಿತ್ತು."

"ಪಟ್ಟಿ ಬೇಡ ಸರ್. ಕಾಗದ ತೆಗೀರಿ."

ಕಬ್ಬಿಣದ ಬೀರು ತೆಗೆದರು. ಐದು ಮೂರನೆಯ ಪುಟಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಇನ್ನೂರ ಹನ್ನೆರಡು, ಐದು ಸಲ. ತಪ್ಪು ಪುಟ ಕಿತ್ತು ಸರಿಪಡಿಸಿದ್ದು ನಾನೇ ಎಂದೆ. ಆಪ್ತ ಕಾರ್ಯದರ್ಶಿಯ ಟೀ ಲೋಟ ಬಾಯಿಗೂ ಹೋಗಲಿಲ್ಲ, ಮೇಜಿಗೂ ಬರಲಿಲ್ಲ.

"ಸರಿಪಡಿಸಿ ಅಂತ ನಿಮಗೆ ಯಾರು ಹೇಳಿದ್ರು?" ಎಂದು ತನಿಖಾಧಿಕಾರಿ ಕೇಳಿದರು.

"ಯಾಕೆ ಹೇಳ್ಬೇಕು ಸರ್? ತಪ್ಪಿತ್ತು."

ಅವರು ಬಹಳ ಹೊತ್ತು ಹಣೆ ಉಜ್ಜಿಕೊಂಡರು. "ಈಗ ಐವರಲ್ಲಿ ಯಾರು ಬೇಕಾದ್ರೂ ಆಗಬಹುದು. ನಿಮ್ಮ ಭಾವನೋರೂ ಆಗಬಹುದು. ಐದನ್ನೂ ಬಿಚ್ಚಿ ಓದಿರೋರು ನೀವು, ನೀವೂ ಆಗಬಹುದು. ಸುಮ್ನೆ ಸಹಿ ಹಾಕಿದ್ರೆ ಇವತ್ತಿಗೆ ಮುಗೀತಿತ್ತು."

"ಮುಗೀತಿತ್ತು ಸರ್."

"ನಾಳೆ ಹತ್ತು ಗಂಟೆಗೆ ಬನ್ನಿ. ಹೇಳಿಕೆ ಕೊಡಬೇಕು."

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನಾನು ಭಾವನನ್ನು ಉಳಿಸಿದೆನೋ ಅಥವಾ ಕಳ್ಳನೊಬ್ಬನನ್ನು ಬಚಾವು ಮಾಡಿದೆನೋ? ಕಳ್ಳ ಅಂದರೂ, ಆಸ್ಪತ್ರೆ ಉಳಿಸಲು ಹೊರಟವನು ಕಳ್ಳನೋ, ಇಲ್ಲವೆಂದು ಸುಳ್ಳು ಹೇಳಿದವರು ಕಳ್ಳರೋ? ನನ್ನ ತಲೆಗೆ ಇದೆಲ್ಲ ಹತ್ತುವುದಲ್ಲ.

ಭಾವ ಊಟದ ಮೇಜಿನ ಮುಂದೆ ಒಬ್ಬರೇ ಕೂತಿದ್ದರು. ನಡೆದದ್ದೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಹಿಗ್ಗಲೂ ಇಲ್ಲ. ಕೊನೆಗೆ ನನ್ನ ಬಾಯಿಂದ ಬಂದೇಬಿಟ್ಟಿತು.

"ಭಾವ, ನೀವೇ ಕೊಟ್ಟಿದ್ದಾ?"

ಅವರು ನನ್ನನ್ನು ನೋಡಿದರು. "ಹನ್ನೊಂದು ದಿನ ಆಯ್ತು. ಈ ಮನೇಲಿ ಯಾರಾದ್ರೂ ಕೇಳ್ತಾರೆ ಅಂತ ಕಾಯ್ತಿದ್ದೆ. ನಾನು ಒಳಗೆ ಬಂದ ತಕ್ಷಣ ನೀವಿಬ್ಬರೂ ಮಾತು ನಿಲ್ಲಿಸ್ತಿದ್ರಿ. ವಕೀಲರ ಜೊತೆ ಮಾತಾಡೋಕ್ಕೂ ಮಹಡಿಗೆ ಹೋಗ್ತಿದ್ದೆ. ಅದನ್ನೂ ಕೇಳ್ಲಿಲ್ಲ."

ನಾನು ತಲೆ ತಗ್ಗಿಸಿದೆ.

"ನಾನು ಕೊಟ್ಟಿಲ್ಲ," ಎಂದರು. "ಕೊಟ್ಟೋರು ಯಾರೋ ಗೊತ್ತಿಲ್ಲ. ಕೊಡೋ ಧೈರ್ಯ ನನಗೆ ಬರಲಿಲ್ಲವಲ್ಲ ಅಂತ ಬೇಜಾರಿದೆ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಲ್ಲಿ ನಿಂತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಳೆ ನಿನ್ನನ್ನ ಕೇಳ್ತಾರಲ್ಲ," ಎಂದರು ಭಾವ. "ನೀನು ಕೊಟ್ಟಿದ್ದಾ?"

"ಇಲ್ಲ ಭಾವ."

"ಸರಿ," ಎಂದು ಪಕ್ಕದ ಕುರ್ಚಿಯನ್ನು ನನ್ನ ಕಡೆ ಎಳೆದರು. "ಕೂತ್ಕೋ. ನಾಳೆ ಏನು ಹೇಳ್ಬೇಕು ಅಂತ ಬರ್ಕೊಳೋಣ."