ದಾರದ ತುದಿ

ಐದು ದಿನದಿಂದ ಆ ಮನೆಯಲ್ಲಿ ಗಂಡ ಹೆಂಡತಿಗೆ ಮಾತಿಲ್ಲ. ಸೋಮವಾರ ಗಂಡ, ಗಾರೆ ಮೇಸ್ತ್ರಿ, ಕಾರನ್ನು ರಸ್ತೆಬದಿಯ ಕಲ್ಲಿಗೆ ಗುದ್ದಿಸಿ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗಲೇ, "ನೀನು ಬಾಯಿ ಮುಚ್ಕೊಂಡು ಕೂತಿದ್ರೆ ಹೀಗಾಗ್ತಿರ್ಲಿಲ್ಲ" ಎಂದು ತಪ್ಪನ್ನು ಪಕ್ಕದಲ್ಲಿದ್ದ ಹೆಂಡತಿಯ ತಲೆಗೆ ಕಟ್ಟಿದ್ದ. ಅವಳು ಬಾಯಿ ಮುಚ್ಚಿದಳು. ಅವನಾಗಿಯೇ ಬಂದು ಮಾತಾಡಿಸುವವರೆಗೆ ತೆರೆಯುವುದಿಲ್ಲ ಎಂದು ಹಟ ಹಿಡಿದಳು.

ಅಂದಿನಿಂದ ಕಾರು ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗ್ ಮೇಲಿನ ಕೈ ಸಡಿಲಿಸಿದರೆ ಸೀದಾ ಚರಂಡಿಯ ದಾರಿ. ಪಕ್ಕದ ಮನೆಯ ಮೇಷ್ಟ್ರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವವಳು ಅವಳೇ. ಇಂದು ನಾಲ್ಕಕ್ಕೆ ಹೊರಡಬೇಕು. ಗಾಲಿ ನೆಟ್ಟಗೆ ಮಾಡುವ ಅಲೈನ್‌ಮೆಂಟ್ ಅಂಗಡಿಯ ಯಂತ್ರ ನೋಡಿದರೆ ಕೆಟ್ಟು ಕೂತಿತ್ತು.

"ಇಪ್ಪತ್ತೈದು ವರ್ಷ ಗೋಡೆ ನೆಟ್ಟಗೆ ನಿಲ್ಸಿದೀನಿ, ನಾಲ್ಕು ಗಾಲಿ ನಿಲ್ಸಕ್ಕಾಗಲ್ವಾ?" ಎಂದು ಮೇಸ್ತ್ರಿ ತಾಯಿಗೆ ಹೇಳಿದ. ಹೆಂಡತಿಗೆ ಕೇಳಿಸಬೇಕಾದದ್ದನ್ನೆಲ್ಲ ಅವನೀಗ ತಾಯಿಗೇ ಹೇಳುತ್ತಿದ್ದ.

"ನನ್ನೇನು ಟಪಾಲು ಡಬ್ಬಿ ಅಂದ್ಕೊಂಡಿದೀಯಾ?" ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಮುದುಕಿ ಗೊಣಗಿದಳು. "ಗೋಡೆ ಓಡಲ್ಲ ಕಣೋ. ಇದು ಓಡತ್ತೆ."

ಅಂಗಳ ಸಮವಾಗಿದೆಯೇ ಎಂದು ಮೇಸ್ತ್ರಿ ರಸಮಟ್ಟ ಇಟ್ಟು ನೋಡಿದ. ಮುಂದಿನ ಗಾಲಿಗಳು ಸರಾಗವಾಗಿ ತಿರುಗಲೆಂದು ಒಂದೊಂದರ ಕೆಳಗೂ ಎರಡೆರಡು ಟೈಲ್ಸ್ ಇಟ್ಟು ನಡುವೆ ಗ್ರೀಸ್ ಮೆತ್ತಿದ. ಸ್ಟೇರಿಂಗ್ ಅಲುಗದಂತೆ ಸೀಟಿಗೆ ಬಿಗಿದ. ಆಮೇಲೆ ಕಾರಿನ ಎರಡೂ ಪಕ್ಕಕ್ಕೆ, ಗಾಲಿಯ ನಡುಮಟ್ಟಕ್ಕೆ ಇಟ್ಟಿಗೆ ಪೇರಿಸಿ ದಾರ ಎಳೆದ. ನಾಲ್ಕೂ ಗಾಲಿಯ ನಡುಭಾಗಕ್ಕೂ ದಾರಕ್ಕೂ ನಡುವೆ ಒಂದೊಂದು ಗೇಣು. ಇನ್ನು ಮುಂದಿನ ಗಾಲಿಗಳನ್ನು ದಾರಕ್ಕೆ ಸಮನಾಗಿ ತಿರುಗಿಸಿ ಬಿಗಿದರೆ ಆಯಿತು.

ಮಾತಿಲ್ಲದೆಯೇ ಬಂದು ದಾರದ ತುದಿಯ ಗಂಟು ಹಾಕಿದವಳು ಹೆಂಡತಿ. ಮದುವೆಯಾದ ಹೊಸತರಲ್ಲಿ ಅವನ ಕೆಲಸದಲ್ಲಿ ದಾರದ ತುದಿ ಹಿಡಿಯುತ್ತಿದ್ದವಳೂ ಅವಳೇ. ಗಾರೆ ಕೆಲಸದವರಲ್ಲಿ ಒಂದು ರೂಢಿಯಿದೆ: ತಪ್ಪು ಕಂಡರೆ ತುದಿಯವರು ಕೂಗಬೇಕು. ಕೂಗಲಿಲ್ಲವೋ, ದಾರ ಸರಿಯಿದೆ. ಮೇಸ್ತ್ರಿ ಇನ್ನೊಮ್ಮೆ ಅಳೆಯುವುದಿಲ್ಲ.

ಹಳೆಯ ಅಭ್ಯಾಸಬಲದಿಂದ ಅವಳು ಟೇಪು ಹಿಡಿದು ಕಾರಿನ ಹಿಂದೆ ದಾರದಿಂದ ದಾರಕ್ಕೆ ಅಳೆದಳು. ಮುಂದೆ ಬಂದು ಅಳೆದಳು. ಎರಡೂ ಕಡೆ ಸಮ ಇರಬೇಕಿತ್ತು, ಮುಂದೆ ಎರಡು ಬೆರಳು ಹೆಚ್ಚು. ಈ ಕಾರಿಗೆ ಮುಂದಿನ ಗಾಲಿಗಳ ನಡುವಿನ ಅಗಲವೇ ಹಿಂದಿನದಕ್ಕಿಂತ ಜಾಸ್ತಿ. ಅದನ್ನು ನೋಡದೆ ಅವನು ಗೋಡೆಗೆ ಬಿಟ್ಟಂತೆ ಎಲ್ಲ ಕಡೆ ಒಂದೇ ಗೇಣು ಬಿಟ್ಟಿದ್ದ. ಈ ದಾರ ನಂಬಿ ಬಿಗಿದರೆ ಎರಡು ಗಾಲಿಗಳೂ ಮುನಿದವರ ಹಾಗೆ ಆಚೆಗೊಂದು ಈಚೆಗೊಂದು ಮುಖ ತಿರುಗಿಸುತ್ತವೆ. ವೇಗ ಹಿಡಿದ ಕಾರು ಯಾವ ಕಡೆ ಹಾರುತ್ತದೋ ಹೇಳಲಾಗದು.

ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಕಾರಿನಡಿಯಿಂದ ಮೇಸ್ತ್ರಿಯ ದನಿ, "ಅಮ್ಮಾ, ಅಲ್ಲಿ ನಿಂತಿರೋರಿಗೆ ದಾರ ತುಳೀಬೇಡ ಅನ್ನು."

"ನೀನೇ ಅನ್ನು. ನಾಲಿಗೆ ಏನು ಬಾಡಿಗೆಗೆ ಕೊಟ್ಟಿದೀಯಾ?"

ಅವಳು ಮಾತು ನುಂಗಿಕೊಂಡಳು. ಕೇಳಲಿ. 'ಸರಿಯಿದೆಯಾ' ಅಂತ ಒಂದೇ ಒಂದು ಮಾತು ಕೇಳಲಿ, ಹೇಳುತ್ತೇನೆ.

ಅವನು ಕೇಳಲಿಲ್ಲ. ಎರಡು ಗಂಟೆ ಅಂಗಾತ ಬಿದ್ದು ಸ್ಪ್ಯಾನರ್ ತಿರುಗಿಸಿದ. ನಟ್ಟು ಕಿರ್ರೆಂದಾಗಲೆಲ್ಲ ಅವಳು ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಮಾತು ಬಿಟ್ಟವಳನ್ನು ನಂಬದೆ ಕೊನೆಗೆ ತಾನೇ ಅಳೆದು ನೋಡುತ್ತಾನೆ, ತಪ್ಪು ಸಿಗುತ್ತದೆ, ಮುಖ ಸಣ್ಣದಾಗುತ್ತದೆ ಎಂದು ಕಾದಿದ್ದಳು.

ಅವನು ಅಳೆಯಲಿಲ್ಲ. ಟೈಲ್ಸ್ ತೆಗೆದ, ಸ್ಟೇರಿಂಗಿನ ಕಟ್ಟು ಬಿಚ್ಚಿದ, ಒಳಗೆ ಕೂತ.

"ಅಮ್ಮಾ, ಇಳಿಜಾರಿನಲ್ಲಿ ಒಂದು ಸಲ ಜೋರಾಗಿ ಬಿಟ್ಟು ನೋಡ್ಕೊಂಡು ಬರ್ತೀನಿ. ಆಮೇಲೆ ಮೇಷ್ಟ್ರನ್ನ ಕೂರಿಸ್ಲಿ."

ಇಳಿಜಾರು. ತಿರುವಿನಿಂದ ಲಾರಿಗಳು ಮೈಮೇಲೆ ಬರುವ ರಸ್ತೆ. ಅವಳು ಬಾಯಿ ತೆರೆದರೆ ಸ್ವರವೇ ಇಲ್ಲ. ಐದು ದಿನ ಅದುಮಿಟ್ಟ ಗಂಟಲು ಬೇಕಾದಾಗ ಕೈಕೊಟ್ಟಿತ್ತು. ಕಾರು ದಾರಗಳ ನಡುವಿನಿಂದ ಜಾರಿ ಗೇಟಿನತ್ತ ಹೊರಟಿತು. ಅವಳು ಓಡಿದಳು. ಗೇಟಿಗೆ ಬೆನ್ನು ಕೊಟ್ಟು ನಿಂತು ಎರಡೂ ಅಂಗೈ ಬಾನೆಟ್ಟಿನ ಮೇಲೆ ಬಡಿದಳು.

"ರೀ, ಎರಡು ಬೆರಳು!"

ಬ್ರೇಕು ಚೀರಿತು. ಅವಳ ಮೊಣಕಾಲಿಗೂ ಬಂಪರಿಗೂ ನಡುವೆ ಕೈ ತೂರುವಷ್ಟು ಜಾಗವಿರಲಿಲ್ಲ.

"ತಲೆ ಕೆಟ್ಟಿದೆಯಾ ನಿಂಗೆ? ಏನು ಎರಡು ಬೆರಳು?"

"ಮುಂದೆ ಎರಡು ಬೆರಳು ಹೆಚ್ಚಿದೆ. ದಾರದಿಂದ ದಾರಕ್ಕೆ."

"ಯಾವಾಗ ನೋಡ್ದೆ?"

ಈಗ ತಾನೇ ಎನ್ನಬಹುದಿತ್ತು. "ಗಂಟು ಹಾಕಿದಾಗ್ಲೇ" ಎಂದಳು.

ಅವನು ಎಂಜಿನ್ ಆರಿಸಿದ. ಬೈಗುಳ ಬರುತ್ತದೆಂದು ಅವಳು ಕಾದಳು. ಬೈಗುಳಕ್ಕೆ ಐದು ದಿನದ ಉತ್ತರ ಸಿದ್ಧವಿತ್ತು.

"ತುದೀಲಿ ನೀನಿದೀಯಲ್ಲ ಅಂತ ನಾನು ಅಳೀಲೇ ಇಲ್ಲ" ಎಂದ ಅವನು, ಸಣ್ಣ ದನಿಯಲ್ಲಿ.

ಅವಳು ಫೋನ್ ತೆಗೆದಳು. "ಮೇಷ್ಟ್ರೇ, ಇವತ್ತು ಆಟೋ ಕರೆಸ್ತೀನಿ, ನಾನೂ ಜೊತೆಗೆ ಬರ್ತೀನಿ. ಕಾರು ಇನ್ನೂ ಆಗಿಲ್ಲ." ಆಗಿದೆ ಎಂದು ಅವನು ತಕರಾರು ತೆಗೆಯಬಹುದು ಎಂದುಕೊಂಡಳು. ತೆಗೆಯಲಿಲ್ಲ. ಇಳಿದು ಬಂದು ಬಲಗಡೆಯ ದಾರದ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಎಡಗಡೇದು ನೀನು ಬಿಚ್ಚು" ಎಂದ, ಅವಳನ್ನು ನೋಡದೆ.

ಅವಳು ಬಗ್ಗಿದಳು. ತಾನೇ ಹಾಕಿದ ಗಂಟು ಎಷ್ಟು ಹೊತ್ತಾದರೂ ಬಿಚ್ಚಿಕೊಳ್ಳಲಿಲ್ಲ.