ವಯಸ್ಸಿನ ಗಂಟೆ

ನಾನು ನಿನ್ನ ಅಕ್ಕ ಅಂತ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಗೆಶೆ ಇಪ್ಪತ್ತು ವರ್ಷದ ಹಿಂದೆ ತಮ್ಮ ಹಿನ್ರಿಕ್‌ಗೆ ಮಾತು ಕೊಟ್ಟಿದ್ದಳು. ಈಗ ತಮ್ಮನ ಹೆಣದ ಬೆರಳಿಗೆ ಹತ್ತಿದ್ದ ಗಂಧಕದ ಹಳದಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಅದು ಹೋಗಲೊಲ್ಲದು.

ಇಗರ್ಜಿಯ ಗಂಟೆ ಹೊಡೆಯುವ ಡೆಟ್ಲೆಫ್ ಬಾಗಿಲಲ್ಲಿ ಟೋಪಿ ತೆಗೆದ.

“ಗೆಶಮ್ಮಾ, ನೀವು ಕೆಲಸಕ್ಕಿದ್ದ ಯಜಮಾನ್ರಿಗೆ ವಯಸ್ಸೆಷ್ಟು? ಸತ್ತೋರ ವಯಸ್ಸಿಗೆ ವರ್ಷಕ್ಕೊಂದು ಗಂಟೆ ಹೊಡೀಬೇಕಲ್ಲ. ಊರೋರು ಇನ್ನೂರು ದಾಟಿತ್ತು ಅಂತಾರೆ. ನಿಜವಾದ್ರೆ ಈಗ್ಲೇ ಹೇಳಿ, ಹೊಟ್ಟೆ ತುಂಬ ಉಂಡ್ಕೊಂಡು ಬರ್ತೀನಿ.”

“ಕೌಂಟ್ ಧಣಿಗಳನ್ನ ಕೇಳು.”

“ಅವ್ರೇ ನಿಮ್ಮನ್ನ ಕೇಳು ಅಂದ್ರು. ಅವ್ರೂ ಬರ್ತಿದ್ದಾರೆ.”

ಗೆಶೆಯ ಕೈ ನಿಂತಿತು. ಸಾವನ್ನು ದೂರವಿಡುವ ಮದ್ದು ಬಲ್ಲೆನೆಂದು ಅರಮನೆಯನ್ನೇ ನಂಬಿಸಿದ್ದ ಈ ರಸವಾದಿ ಹಿನ್ರಿಕ್‌ಗೆ ಅರವತ್ತೊಂದು. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಅಷ್ಟೇ ಗಂಟೆ ಹೊಡೆಸಿ, ಅವನ ಸಾವನ್ನಾದರೂ ಅವನದೇ ಮಾಡಬೇಕೆಂದು ಅವಳ ಜೀವ ಹಂಬಲಿಸಿತು.

*

ಮಾತು ಕೊಟ್ಟ ದಿನ ಕೌಂಟ್ ಅರಮನೆಯ ಗೇಟಿನ ಹತ್ತಿರ ಇಬ್ಬರೂ ಹಸಿದು ನಿಂತಿದ್ದರು. ಹಿನ್ರಿಕ್‌ನ ಮೈಮೇಲೆ ಎರವಲು ರೇಷ್ಮೆ ಕೋಟು.

“ಅಕ್ಕಾ, ಚರ್ಮ ಹದ ಮಾಡೋನ ಮಗ ಅಂತ ತಿಳಿದ್ರೆ ಒದ್ದು ಓಡಿಸ್ತಾರೆ. ಒಳಗೆ ನಾನು ಯಜಮಾನ, ನೀನು ಕೆಲಸದೋಳು. ಮಾತು ಕೊಡು.”

“ನಿನ್ನ ಸಿಂಬಳ ಒರೆಸಿದೋಳು ಕಣೋ ನಾನು. ನಿನ್ನ ಯಜಮಾನ್ರೇ ಅನ್ಬೇಕಾ?”

“ಹೊಟ್ಟೆಗೆ ಒಂದಿಷ್ಟು ಬಿದ್ಮೇಲೆ ರೂಢಿ ಆಗುತ್ತೆ.”

ಆಯಿತು ಕೂಡ.

*

ಕೌಂಟ್ ಕೋಲೂರಿಕೊಂಡು ಬಂದರು. ಎಪ್ಪತ್ತೆಂಟರ ಮುದುಕರು, ಇಪ್ಪತ್ತು ವರ್ಷ ಹಿನ್ರಿಕ್ ಕುದಿಸಿಕೊಟ್ಟ ಕಹಿ ಮದ್ದನ್ನು ತಪ್ಪದೆ ಕುಡಿದವರು. ಹೆಣವನ್ನು ನೋಡದೆ ಗೆಶೆಯನ್ನೇ ನೋಡಿದರು.

“ಅವರ ಬಟ್ಟೆ ಒಗೆದವಳು ನೀನು. ನಿಜ ಹೇಳು. ಎಷ್ಟು ವರ್ಷ ಬದುಕಿದ್ರು?”

ಅವರ ಕೈಯಲ್ಲಿ ಮದ್ದಿನ ಸೀಸೆಯಿತ್ತು. ತಳದಲ್ಲಿ ಎರಡು ಗುಟುಕು ಉಳಿದಿತ್ತು.

“ಇನ್ನೂರ ಹದಿನಾಲ್ಕು, ಧಣಿ,” ಎಂದಳು ಗೆಶೆ.

“ಹಾಗಾದ್ರೆ ನಂದಿನ್ನೂ ಚಿಕ್ಕ ವಯಸ್ಸು.” ಕೌಂಟ್ ನಿಟ್ಟುಸಿರು ಬಿಟ್ಟು ಕುರ್ಚಿಗೊರಗಿದರು.

“ದೇವರೇ, ನನ್ನ ತೋಳು!” ಎಂದು ಡೆಟ್ಲೆಫ್ ಗೊಣಗಿದ.

ಮಧ್ಯಾಹ್ನ ಸಮಾಧಿಯ ಗುಂಡಿಯ ಬಳಿ ಬಂಧುಗಳ ಜಾಗ ಖಾಲಿಯಿತ್ತು. ಗೆಶೆ ಕೆಲಸದವರ ಸಾಲಿನಲ್ಲಿ, ಅಡುಗೆಯವಳ ಹಿಂದೆ ನಿಂತು ಬೆರಳು ಮಡಿಚುತ್ತ ಗಂಟೆ ಎಣಿಸುತ್ತಿದ್ದಳು. ಅರವತ್ತೊಂದನೆಯ ಗಂಟೆಗೆ ಮುಂದೆ ಬಂದು ಒಂದು ಹಿಡಿ ಮಣ್ಣು ಹಾಕಿದಳು.

“ಹೋಗಿಬನ್ನಿ, ಯಜಮಾನ್ರೇ.”

ಮೇಲೆ ಗಂಟೆ ಹೊಡೆಯುತ್ತಲೇ ಇತ್ತು. ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.